ಕೆಲಸ ಮುಗಿದರೂ ಬಿಲ್ ಹಣ ಬಂದಿಲ್ಲವೇ? ಫ್ರೀಲ್ಯಾನ್ಸರ್‌ಗಳು ತಿಳಿಯಬೇಕಾದ 45 ದಿನಗಳ ನಿಯಮ

ಮುಂಬೈ: ಗ್ರಾಂಟ್ ರೋಡ್ ಸ್ಟೇಷನ್ ಬಳಿಯ ಲ್ಯಾಮಿಂಗ್ಟನ್ ರೋಡ್ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೂ ಸಿನಿಮಾ ವಿತರಕರ ಕಚೇರಿಗಳಿಗೂ ಹೆಸರಾದ ಜಾಗ. ಇಂಥ ಕಡೆ ವೆಬ್‌ಸೈಟ್, ಪೋಸ್ಟರ್, ಸಬ್‌ಟೈಟಲ್ ಕೆಲಸ ಮಾಡಿಕೊಡುವವರು ಬಿಲ್ ಕೇಳಿದಾಗ ಸಿಗುವ ಮಾಮೂಲಿ ಉತ್ತರ 'ಮುಂದಿನ ವಾರ ನೋಡೋಣ'. ಆದರೆ ಈ ಮುಂದೂಡಿಕೆಗೆ ಕಾನೂನಿನಲ್ಲಿ ಗಡುವಿದೆ.

ಕಾನೂನು ಏನು ಹೇಳುತ್ತದೆ?

2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ ಪ್ರಕಾರ, ಲಿಖಿತ ಒಪ್ಪಂದವಿದ್ದರೆ ಗರಿಷ್ಠ 45 ದಿನ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಪಾವತಿಯಾಗಬೇಕು. ಕೆಲಸ ಕೈಸೇರಿದ 15 ದಿನಗಳಲ್ಲಿ ಕ್ಲೈಂಟ್ ಲಿಖಿತವಾಗಿ ಆಕ್ಷೇಪ ಎತ್ತದಿದ್ದರೆ, ಕೈಸೇರಿದ ದಿನವೇ ಒಪ್ಪಿಕೊಂಡಂತೆ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕು. ಬ್ಯಾಂಕ್ ದರ ಶೇ 6 ಎಂದುಕೊಂಡರೆ, 50,000 ರೂ. ಬಾಕಿಗೆ ಆರು ತಿಂಗಳಲ್ಲಿ ಸುಮಾರು 4,670 ರೂ. ಬಡ್ಡಿಯಾಗುತ್ತದೆ.

ನೋಂದಣಿ ಮೊದಲು, ಕೆಲಸ ಆಮೇಲೆ

ಈ ಕಾಯ್ದೆಯಡಿ ದೂರು ಕೊಡಲು ಉದ್ಯಮ್ ನೋಂದಣಿ ಬೇಕು. ಒಬ್ಬರೇ ಸೇವೆ ನೀಡುವವರೂ ಆಧಾರ್, ಪ್ಯಾನ್ ಬಳಸಿ ಉಚಿತವಾಗಿ ಮಾಡಿಕೊಳ್ಳಬಹುದು. ಒಪ್ಪಂದದ ನಂತರ ನೋಂದಾಯಿಸಿಕೊಂಡರೆ ಹಿಂದಿನ ಕೆಲಸಕ್ಕೆ ಲಾಭ ಸಿಗದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತ್ತು. 2025ರಲ್ಲಿ ಈ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಲಾಗಿದೆ. ಹಾಗಾಗಿ ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಮಾಡಿಸುವುದು ಸುರಕ್ಷಿತ.

ದೂರು ಎಲ್ಲಿ ಕೊಡಬೇಕು?

ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಅದು ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗುತ್ತದೆ. ಕ್ಲೈಂಟ್ ಬೆಂಗಳೂರಲ್ಲಿರಲಿ, ದೆಹಲಿಯಲ್ಲಿರಲಿ, ಗ್ರಾಂಟ್ ರೋಡ್‌ನ ಫ್ರೀಲ್ಯಾನ್ಸರ್ ಅಲ್ಲಿಗೆ ಅಲೆಯಬೇಕಿಲ್ಲ. ಹಣ ಬರಬೇಕಾದವರು ಇರುವ ಊರಿನ ಕೌನ್ಸಿಲ್‌ಗೇ ವಿಚಾರಣೆಯ ಅಧಿಕಾರವಿದೆ. ಆದರೆ ವಿದೇಶಿ ಕ್ಲೈಂಟ್‌ಗಳಿಗೆ ಇದು ಅನ್ವಯಿಸದು. ಮೊದಲು ರಾಜಿ ಸಂಧಾನ, ಆಗದಿದ್ದರೆ ಮಧ್ಯಸ್ಥಿಕೆ ತೀರ್ಪು. 90 ದಿನಗಳ ಮಿತಿ ಇದ್ದರೂ ಹೆಚ್ಚು ಸಮಯ ಹಿಡಿಯುವುದುಂಟು. ತೀರ್ಪು ಪ್ರಶ್ನಿಸಿ ಕೋರ್ಟಿಗೆ ಹೋಗುವ ಕ್ಲೈಂಟ್ ಶೇ 75ರಷ್ಟು ಮೊತ್ತ ಠೇವಣಿ ಇಡಬೇಕು.

ಯಾವ ದಾಖಲೆ ಬೇಕು?

* ಕೆಲಸ ಒಪ್ಪಿಸಿದ ಇಮೇಲ್ ಅಥವಾ ವರ್ಕ್ ಆರ್ಡರ್
* ಕೆಲಸ ತಲುಪಿಸಿದ ದಿನಾಂಕಕ್ಕೆ ಪುರಾವೆ, ವಾಟ್ಸ್‌ಆ್ಯಪ್ ಸಂದೇಶಗಳು
* ಉದ್ಯಮ್ ಸಂಖ್ಯೆ, ಪಾವತಿಯ ಕೊನೆಯ ದಿನ ನಮೂದಿಸಿದ ಇನ್‌ವಾಯ್ಸ್
* ಫಾರ್ಮ್ 26ಎಎಸ್: ಈ ಬಿಲ್‌ಗೆ ಕ್ಲೈಂಟ್ ಟಿಡಿಎಸ್ ಕಟ್ಟಿದ್ದರೆ, ಬಿಲ್ ಅವರ ಲೆಕ್ಕಕ್ಕೆ ಬಂದಿದೆ ಎನ್ನಲು ಅದು ಪೂರಕ ಸಾಕ್ಷಿ

ನೋಂದಣಿ ಇಲ್ಲದಿದ್ದರೆ?

ದಾರಿ ಮುಚ್ಚಿಲ್ಲ. ವಕೀಲರ ಮೂಲಕ ನೋಟಿಸ್ ಕೊಟ್ಟು ಸಿವಿಲ್ ದಾವೆ ಹೂಡಬಹುದು. ಲಿಖಿತ ಒಪ್ಪಂದವಿದ್ದರೆ ಬೇಗ ಇತ್ಯರ್ಥವಾಗುವ ಸಮ್ಮರಿ ಸೂಟ್‌ಗೂ ಅವಕಾಶವಿದೆ. ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹೂಡಬೇಕು. ಬರೀ ಹಣ ಕೊಟ್ಟಿಲ್ಲ ಎಂಬ ಕಾರಣಕ್ಕೆ ಪೊಲೀಸ್ ಠಾಣೆಗೆ ಹೋದರೆ, ಇದು ಸಿವಿಲ್ ವ್ಯಾಜ್ಯ ಎಂದು ಹಿಂದೆ ಕಳಿಸುವ ಸಾಧ್ಯತೆಯೇ ಹೆಚ್ಚು.

ದೂರಿಗೆ ಮೊದಲು ಕ್ಲೈಂಟ್‌ನ ಅಕೌಂಟ್ಸ್ ವಿಭಾಗಕ್ಕೊಂದು ಇಮೇಲ್ ಹಾಕಿ. ಸೂಕ್ಷ್ಮ, ಸಣ್ಣ ಉದ್ಯಮಗಳಿಗೆ ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ಹಣ ಕೊಡುವವರೆಗೆ ಆ ಖರ್ಚಿಗೆ ಆದಾಯ ತೆರಿಗೆ ಕಡಿತ ಸಿಗದು. ಬಡ್ಡಿಯ ಜತೆಗೆ ಈ ನಿಯಮವನ್ನೂ ಅದರಲ್ಲಿ ನೆನಪಿಸಿ.