ಗುರುತು ಸಿಕ್ಕಿದ ದೂತ

ಅರಸನ ಓಲೆಯನ್ನು ಹೊತ್ತ ದೂತನು ಮೊದಲನೆಯ ಸಲ ಕೋಟೆಯ ಬಾಗಿಲನ್ನು ಸುಲಭವಾಗಿ ದಾಟಬಹುದು. ಎರಡನೆಯ ಸಲ ಕಾವಲಿನವರು ಅವನ ಮುಖವನ್ನು ಗುರುತಿಸಿ ಹೊರಗೇ ತಡೆದುಬಿಟ್ಟರೆ ಓಲೆಯು ಎಷ್ಟು ಉತ್ತಮವಾಗಿದ್ದರೇನು? ವೈರಾಣುವನ್ನೇ ವಾಹನವಾಗಿ ಮಾಡಿಕೊಂಡ ಲಸಿಕೆಗಳ ಚರಿತ್ರೆಯು ಬಹುಮಟ್ಟಿಗೆ ಈ ತೊಡಕಿನ ಚರಿತ್ರೆಯೇ ಆಗಿರುತ್ತದೆ.

1796ರಲ್ಲಿ ಜೆನ್ನರ್ ಮಹಾಶಯನು ಗೋಸಿಡುಬಿನಿಂದ ದಾಕು ಹಾಕಿ ಸಿಡುಬನ್ನು ತಡೆಯುವ ಮಾರ್ಗವನ್ನು ತೋರಿಸಿದನೆಂಬುದನ್ನು ವಾಚಕರು ಬಲ್ಲರು. 1980ರಲ್ಲಿ ಸಿಡುಬು ಭೂಮಂಡಲದಿಂದ ನಿರ್ಮೂಲವಾಯಿತೆಂದು ಘೋಷಿತವಾಯಿತು. ಆದರೆ ದಾಕಿಗೆ ಬಳಸುತ್ತಿದ್ದ ವ್ಯಾಕ್ಸಿನಿಯ ಎಂಬ ವೈರಾಣುವಿನ ಕೆಲಸವು ಅಲ್ಲಿಗೆ ಮುಗಿಯಲಿಲ್ಲ. 1982ರಲ್ಲಿ ಅಮೆರಿಕದ ವಿಜ್ಞಾನಿಗಳು ಅದರೊಳಗೆ ಬೇರೊಂದು ವೈರಾಣುವಿನ ವಂಶವಾಹಿಯನ್ನು ಸೇರಿಸಿದರು. ಅಂತಹ ವಾಹಕವು ಜೀವಕೋಶವನ್ನು ಹೊಕ್ಕರೆ ರೋಗಾಣುವಿನ ಒಂದು ಅಂಶ ಮಾತ್ರ ಅಲ್ಲಿ ತಯಾರಾಗುವುದು. ರೋಗವಿಲ್ಲದೆಯೇ ದೇಹವು ರೋಗದ ಗುರುತನ್ನು ಕಲಿಯುವುದು.

ಆದರೆ ದೇಹವು ಓಲೆಯೊಡನೆ ದೂತನನ್ನೂ ನೆನಪಿನಲ್ಲಿಡುವುದು. ನೆಗಡಿಯನ್ನುಂಟುಮಾಡುವ ಅಡೆನೊ ವೈರಾಣುವಿನ 5ನೆಯ ಬಗೆಯನ್ನು ವಾಹಕವಾಗಿ ಮಾಡಿಕೊಂಡಾಗ, ಅನೇಕರ ರಕ್ತದಲ್ಲಿ ಅದಕ್ಕೆ ವಿರೋಧವಾದ ಪ್ರತಿಕಾಯಗಳು ಮೊದಲೇ ಇದ್ದವು. ಆ ವಾಹಕದಿಂದ ರಚಿತವಾದ ಏಡ್ಸ್ ಲಸಿಕೆಯ ಪರೀಕ್ಷೆಯನ್ನು, ರಕ್ಷಣೆ ದೊರೆಯದ ಕಾರಣ 2007ರಲ್ಲಿ ನಿಲ್ಲಿಸಬೇಕಾಯಿತು.

ಇದಕ್ಕೆ ಪರಿಹಾರಗಳನ್ನು ಹುಡುಕಿದರು. ಆಕ್ಸ್‌ಫರ್ಡಿನವರು ಮನುಷ್ಯರಿಗೆ ಅಷ್ಟಾಗಿ ಪರಿಚಯವಿಲ್ಲದ ಚಿಂಪಾಂಜಿಯ ಅಡೆನೊ ವೈರಾಣುವನ್ನು ಆರಿಸಿಕೊಂಡರು. 2020ರಲ್ಲಿ ಮಾಸ್ಕೋದ ಗಮಲೇಯ ಸಂಸ್ಥೆಯವರು ಮೊದಲ ಚುಚ್ಚುಮದ್ದಿಗೆ 26ನೆಯ ಬಗೆಯನ್ನೂ ಎರಡನೆಯದಕ್ಕೆ 5ನೆಯದನ್ನೂ ಬಳಸಿ ದೂತನನ್ನೇ ಬದಲಾಯಿಸಿದರು. ಮತ್ತೊಂದು ಉಪಾಯವು ಕಾಯುವುದು. ಆಕ್ಸ್‌ಫರ್ಡಿನ ಕೋವಿಡ್ ಲಸಿಕೆಯ ಎರಡು ಚುಚ್ಚುಮದ್ದುಗಳ ನಡುವೆ 6 ವಾರಗಳಿಗಿಂತ ಕಡಿಮೆ ಅಂತರವಿದ್ದಾಗ ಶೇಕಡ 55ರಷ್ಟಿದ್ದ ರಕ್ಷಣೆಯು, 12 ವಾರ ಅಥವಾ ಅದಕ್ಕಿಂತ ಹೆಚ್ಚಾದಾಗ ಶೇಕಡ 81ರಷ್ಟು ಕಂಡುಬಂದಿತೆಂದು 2021ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಮೊದಲನೆಯದರ ಸ್ಮೃತಿಯು ಪಕ್ವವಾಗಲು ಕಾಲ ಬೇಕು.

ಅದೇ ಲಸಿಕೆಯು ಪುಣೆಯಲ್ಲಿ ತಯಾರಾಗಿ ಕೋವಿಶೀಲ್ಡ್ ಎಂಬ ಹೆಸರಿನಿಂದ ನಮ್ಮ ಮನೆಗೂ ಬಂದಿತು. 2021ರ ಮೇ 13ರಂದು ಭಾರತವು ಅಂತರವನ್ನು 12ರಿಂದ 16 ವಾರಗಳಿಗೆ ಹೆಚ್ಚಿಸಿತು. ಗೋಡೆಯ ಪಂಚಾಂಗದಲ್ಲಿ ಗುರುತು ಮಾಡಿದ್ದ ದಿನವನ್ನು ನಾನು ಹೊಡೆದುಹಾಕಿದಾಗ, "ಹಾಗಾದರೆ ಮೊದಲನೆಯದು ವ್ಯರ್ಥವೇ?" ಎಂದು ಮನೆಯಾಕೆ ಕಳವಳಗೊಂಡಳು. ಮರುದಿನವೇ ಬ್ರಿಟನ್ನಿನವರು, ರೂಪಾಂತರಗೊಂಡ ವೈರಾಣುವಿಗೆ ಅಂಜಿ, 50 ದಾಟಿದವರಿಗೆ 12 ವಾರಗಳ ಅಂತರವನ್ನು 8ಕ್ಕೆ ಇಳಿಸಿದರು.

ಇಬ್ಬರಲ್ಲಿ ಯಾರು ಸರಿ? ಕಾದರೆ ರಕ್ಷಣೆಯು ಬಲವಾಗುವುದೆಂಬುದು ದಿಟ. ಕಾಯುವ ದಿನಗಳಲ್ಲಿ ಮನುಷ್ಯನು ಅರ್ಧ ರಕ್ಷಿತನೆಂಬುದೂ ದಿಟ. ಶಾಸ್ತ್ರವು ಎರಡನ್ನೂ ಹೇಳುವುದು. ಊರಿನಲ್ಲಿ ರೋಗವು ಎಷ್ಟು ಹತ್ತಿರದಲ್ಲಿದೆ, ಲಸಿಕೆಯು ಎಷ್ಟು ಇದೆ ಎಂಬುದನ್ನು ನೋಡಿ ನಿರ್ಣಯಿಸುವ ಹೊಣೆಯು ವಿವೇಕದ್ದು. ಅಂದು ನಮ್ಮಾಕೆಗೆ "ವ್ಯರ್ಥವಲ್ಲ" ಎಂದಷ್ಟೇ ಉತ್ತರವಿತ್ತೆನು. ಉಳಿದರ್ಧವನ್ನು ಇಂದು ಬರೆದಿರುವೆನು.