ಹೈದರಾಬಾದಿನಲ್ಲಿ ತಯಾರಾದ ಕನ್ನಡ ಟಿವಿ

ನಮ್ಮ ದೊಡ್ಡಬಳ್ಳಾಪುರದ ಕಡೆ ಹಿರಿಯರನ್ನು ಮೊದಲ ಟಿವಿಯ ಬಗ್ಗೆ ಕೇಳಿದರೆ ಮಾತು ನೇರ 1987ರ ‘ರಾಮಾಯಣ’ಕ್ಕೆ ಹೋಗುತ್ತದೆ. ಇನ್ನಷ್ಟು ಕೆದಕಿದರೆ, 1981ರ ನವೆಂಬರ್ 1ರಂದು ಶುರುವಾದ ಬೆಂಗಳೂರು ದೂರದರ್ಶನ. ಚರಿತ್ರೆ ಬರೆಯುವವರೂ ಹೆಚ್ಚಾಗಿ ಅಲ್ಲಿಂದಲೇ ಹೊರಡುತ್ತಾರೆ. ಆದರೆ ಅದಕ್ಕೂ ಆರು ವರ್ಷ ಮೊದಲು, ರಾಜಧಾನಿಯ ಮಗ್ಗುಲಲ್ಲಿದ್ದ ನಮಗಿಲ್ಲದ ಟಿವಿ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಬಂದಿತ್ತು.

ಅದು ‘ಸೈಟ್’ ಪ್ರಯೋಗ. ವಿಕ್ರಮ್ ಸಾರಾಭಾಯಿ ಕಾಲದಲ್ಲಿ, 1969ರಲ್ಲಿ ನಾಸಾ ಜೊತೆ ಒಪ್ಪಂದವಾಯಿತು. ಅದು ಕೈಗೂಡುವ ಹೊತ್ತಿಗೆ ಅವರಿರಲಿಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ, ಅಮೆರಿಕದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದಿನಕ್ಕೆ ನಾಲ್ಕು ಗಂಟೆ ಕಾರ್ಯಕ್ರಮ ಕೊಟ್ಟಿತು. ಬೆಳಿಗ್ಗೆ ಶಾಲಾಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ. ಕೋಳಿಗೂಡಿಗೆ ಹಾಕುವ ತಂತಿಬಲೆಯಿಂದ ಮಾಡಿದ ಮೂರು ಮೀಟರಿನ ತಟ್ಟೆಯೇ ಆಂಟೆನಾ.

ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ ವಿಷಯ. ಕನ್ನಡ ಕಾರ್ಯಕ್ರಮಗಳ ತಯಾರಿ ಕೇಂದ್ರವಿದ್ದದ್ದು ಹೈದರಾಬಾದಿನಲ್ಲಿ, ತೆಲುಗಿನ ಜೊತೆಗೆ. ಒಂದು ಚಿತ್ರಕ್ಕೆ ಎರಡು ಧ್ವನಿ ಒಯ್ಯುವ ಶಕ್ತಿ ಆ ಉಪಗ್ರಹಕ್ಕಿತ್ತು. ಅಂದರೆ ಹೈದರಾಬಾದಿನಲ್ಲಿ ಮಾಡಿದ ಕನ್ನಡದ ಮಾತು ಅಹಮದಾಬಾದಿನ ಭೂಕೇಂದ್ರದಿಂದ ಏರಿ, ಪೂರ್ವ ಆಫ್ರಿಕದ ಮೇಲೆ ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿದ್ದ ಉಪಗ್ರಹ ಮುಟ್ಟಿ, ರಾಯಚೂರಿನ ಹಳ್ಳಿಗೆ ಇಳಿಯುತ್ತಿತ್ತು. ಎಷ್ಟು ಸುತ್ತು! ಹೈದರಾಬಾದಿನಿಂದ ರಾಯಚೂರಿಗೆ ಬಸ್ಸಿನಲ್ಲಿ ಅರ್ಧ ದಿನವೂ ಬೇಡ.

ಈ ಪ್ರಯೋಗ ಕಟ್ಟಿದವರ ನೆನಪುಗಳು ಇವೆ. ಯಶ್ ಪಾಲ್, ಇ. ವಿ. ಚಿಟ್ನಿಸ್ ಅವರ ಹೆಸರು ಎಲ್ಲ ಕಡೆ ಬರುತ್ತದೆ. ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರನ್ನು ಇರಿಸಿ ಅಧ್ಯಯನ ನಡೆಸಿದ ಬಿನೋದ್ ಅಗರವಾಲ್ ಅವರ ವರದಿಗಳಿವೆ. ಆದರೆ ಇವು ಬಹುಪಾಲು ಅಹಮದಾಬಾದಿನ ನೆನಪುಗಳು. ಉಪಕರಣ, ವ್ಯವಸ್ಥೆ, ಸಮೀಕ್ಷೆಯ ಕಥೆಗಳು. ಕನ್ನಡದ ಸ್ಕ್ರಿಪ್ಟ್ ಬರೆದವರ, ಓದಿದವರ ಅನುಭವಕ್ಕೆ ಇಲ್ಲಿ ಒಂದೆರಡು ಸಾಲೂ ಸಿಗುವುದು ಕಷ್ಟ. ನನ್ನ ದೃಷ್ಟಿಯಲ್ಲಿ ನಿಜವಾದ ಪ್ರಶ್ನೆಗಳಿರುವುದು ಅಲ್ಲೇ. ಅವರು ಯಾವ ಕನ್ನಡ ಆಡಿದರು? ಎರೆಹೊಲದಲ್ಲಿ ಬಿಳಿಜೋಳ ಬೆಳೆಯುವ ಬಿಜಾಪುರದ ರೈತನಿಗೆ ‘ಹಂಗಂದ್ರ ಏನ್ರೀ?’ ಅನ್ನಿಸದ ಕನ್ನಡವೇ? ಆ ವಯಸ್ಸಿನವರು ಈಗ ಎಪ್ಪತ್ತು ದಾಟಿದ್ದಾರೆ. ಕೇಳುವುದಾದರೆ ಬೇಗ ಕೇಳಬೇಕು.

1976ರ ಜುಲೈ 31ಕ್ಕೆ ಗಡುವು ಮುಗಿದು ಅಮೆರಿಕ ಉಪಗ್ರಹವನ್ನು ವಾಪಸ್ ಒಯ್ದಿತು. ಮರುವರ್ಷ ಗುಲ್ಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು, ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲೇ.