‘ಎ’ ಶ್ರೇಣಿಯ ಎಂಜಿನ್: ಬೆಳವಣಿಗೆ ಮತ್ತು ಪ್ರಭೇದಗಳು

ಯಂತ್ರವೊಂದು ಬಹುಕಾಲ ಬಳಕೆಯಲ್ಲಿ ಉಳಿದರೆ ಅದು ಅದರ ಉತ್ಕೃಷ್ಟತೆಗೆ ಪ್ರಮಾಣವೆಂದು ಭಾವಿಸುವುದು ವಾಡಿಕೆ. ಈ ಭಾವನೆ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪರೀಕ್ಷಿಸಲು ಇಂಗ್ಲೆಂಡಿನ ಆಸ್ಟಿನ್ ಸಂಸ್ಥೆಯ ‘ಎ’ ಶ್ರೇಣಿಯ ಎಂಜಿನ್ನಿನ ಚರಿತ್ರೆ ಒಳ್ಳೆಯ ಆಧಾರವನ್ನೊದಗಿಸುತ್ತದೆ. 1951ರಲ್ಲಿ ಆಸ್ಟಿನ್ ಎ30 ಎಂಬ ಸಣ್ಣ ಕಾರಿನೊಡನೆ ಬಂದ ಈ ಎಂಜಿನ್, 2000ದ ಅಕ್ಟೋಬರಿನಲ್ಲಿ ಹಳೆಯ ಮಿನಿ ಕಾರಿನ ತಯಾರಿಕೆ ನಿಲ್ಲುವವರೆಗೂ ಬಾಳಿತು.

ಮೊದಲ ಎಂಜಿನ್ನಿನ ಗಾತ್ರ 803 ಘನ ಸೆಂಟಿಮೀಟರು. ಶಕ್ತಿ 28 ಅಶ್ವಶಕ್ತಿ. ನಾಲ್ಕು ಸಿಲಿಂಡರುಗಳು, ಅವುಗಳ ಮೇಲುಗಡೆ ಕವಾಟಗಳು, ಮೂರೇ ಬೇರಿಂಗುಗಳ ಮೇಲೆ ತಿರುಗುವ ಕ್ರ್ಯಾಂಕ್‌ದಂಡ: ಇದು ಅದರ ರಚನೆ. ದಹನಕೋಷ್ಠಕ್ಕೆ ಹ್ಯಾರಿ ವೆಸ್ಲೇಕ್ ಕೊಟ್ಟ ಹೃದಯಾಕಾರವು ಅದರ ಮುಖ್ಯ ಗುಣ. ಆದರೆ ಮಿತವ್ಯಯದ ದೃಷ್ಟಿಯಿಂದ ನಾಲ್ಕು ಸಿಲಿಂಡರುಗಳಿಗೂ ಸೇರಿ ಐದೇ ದ್ವಾರಗಳಿದ್ದವು. ಒಳಬರುವುದಕ್ಕೆ ಎರಡು, ಹೊರಹೋಗುವುದಕ್ಕೆ ಮೂರು. ನೆರೆಯ ಸಿಲಿಂಡರುಗಳು ಒಂದೇ ದ್ವಾರವನ್ನು ಹಂಚಿಕೊಳ್ಳಬೇಕಾದ ಈ ಏರ್ಪಾಡು ಕೊನೆಯವರೆಗೂ ಎಂಜಿನ್ನಿನ ಉಸಿರನ್ನು ಕಟ್ಟಿಹಾಕಿತೆನ್ನಬಹುದು.

1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಸಂಸ್ಥೆಗಳು ಒಂದಾದುವು. ಮಾರಿಸ್ ಮೈನರ್ ಕಾರಿಗೂ ಇದೇ ಎಂಜಿನ್ ಬಂದಿತು. ಮುಂದಿನ ಬೆಳವಣಿಗೆಯೆಲ್ಲವೂ ಎಂಜಿನ್ನಿನ ಮೈಯ ಮೂಲ ಉದ್ದದೊಳಗೇ ನಡೆಯಿತೆಂಬುದು ಇಲ್ಲಿ ಗಮನಾರ್ಹ. 1956ರಲ್ಲಿ ಸಿಲಿಂಡರಿನ ವ್ಯಾಸವನ್ನು 58 ಮಿಲಿಮೀಟರಿನಿಂದ 62.9ಕ್ಕೆ ಏರಿಸಿ 948 ಘನ ಸೆಂಟಿಮೀಟರನ್ನು ಸಾಧಿಸಿದರು. ಇದಕ್ಕಾಗಿ ಜೋಡಿ ಸಿಲಿಂಡರುಗಳ ನಡುವೆ ನೀರು ಹರಿಯುತ್ತಿದ್ದ ಎಡೆಯನ್ನೇ ಬಿಟ್ಟುಕೊಡಬೇಕಾಯಿತು. 1962ರ 1098ರ ಪ್ರಭೇದದಲ್ಲಿ ವ್ಯಾಸವೂ ಪಿಸ್ಟನ್ನಿನ ಓಟವೂ ಹೆಚ್ಚಿದುವು. 1963–64ರ ಕೂಪರ್ ‘ಎಸ್’ ಎಂಜಿನ್ನುಗಳಲ್ಲಿ ಹೊರಗಿನ ಎರಡು ಸಿಲಿಂಡರುಗಳನ್ನು ಹೊರಕ್ಕೂ ಒಳಗಿನವನ್ನು ಪರಸ್ಪರ ಹತ್ತಿರಕ್ಕೂ ಸರಿಸಿ, ವ್ಯಾಸವನ್ನು 70.6 ಮಿಲಿಮೀಟರಿಗೆ ಮುಟ್ಟಿಸಿದರು. ಹೀಗೆ ದೊರೆತ 1275ರ ಎಂಜಿನ್ 76 ಅಶ್ವಶಕ್ತಿಯನ್ನು ಕೊಟ್ಟಿತು. 1965 ಮತ್ತು 1967ರ ಮಾಂಟೆ ಕಾರ್ಲೋ ರ‍್ಯಾಲಿಗಳಲ್ಲಿ ಮಿನಿಗೆ ಜಯ ತಂದಿತು.

ಇವೆಲ್ಲಕ್ಕಿಂತ ಸಾಹಸದ ಮಾರ್ಪಾಡು 1959ರದು. ಅಲೆಕ್ ಇಸ್ಸಿಗೋನಿಸ್ ಮಿನಿ ಕಾರಿಗಾಗಿ ಎಂಜಿನ್ನನ್ನು ಅಡ್ಡಲಾಗಿ ಇರಿಸಿ, ಗೇರುಪೆಟ್ಟಿಗೆಯನ್ನು ಅದರ ಕೆಳಗೇ ಸೇರಿಸಿದನು. ಎರಡಕ್ಕೂ ಒಂದೇ ಎಣ್ಣೆ. 948ರ ಎಂಜಿನ್ ಆ ಪುಟ್ಟ ಕಾರಿಗೆ ಅತಿವೇಗವನ್ನು ಕೊಟ್ಟುದರಿಂದ ಪಿಸ್ಟನ್ನಿನ ಓಟವನ್ನು ಕುಗ್ಗಿಸಿ 848ಕ್ಕೆ ಇಳಿಸಲಾಯಿತು.

ಸಂಸ್ಥೆಯ ಉತ್ತರಾಧಿಕಾರಿಯಾದ ಬ್ರಿಟಿಷ್ ಲೇಲೆಂಡ್ ಆರ್ಥಿಕ ಸಂಕಟಕ್ಕೆ ಸಿಲುಕಿ 1975ರಲ್ಲಿ ಸರ್ಕಾರದ ವಶವಾಯಿತು. 1980ರ ಮೆಟ್ರೊ ಕಾರಿಗೆ ಹೊಸ ಎಂಜಿನ್ನಿನ ಬದಲು ಹಳೆಯದನ್ನೇ ಬಲಪಡಿಸಿ ‘ಎ-ಪ್ಲಸ್’ ಎಂದು ಹೆಸರಿಟ್ಟರು. ನಿಜವಾದ ಉತ್ತರಾಧಿಕಾರಿಯಾದ ‘ಕೆ’ ಶ್ರೇಣಿ ಬಂದುದು 1989ರಲ್ಲಿ.

ಆದುದರಿಂದ ಈ ಎಂಜಿನ್ನಿನ ದೀರ್ಘಾಯುಸ್ಸಿಗೆ ಕಾರಣಗಳು ಎರಡು. ಮೊದಲ ಎರಡು ದಶಕಗಳಲ್ಲಿ ಅದನ್ನು ಉಳಿಸಿದುದು ಮೂಲ ರಚನೆಯ ಗುಣ ಮತ್ತು ಎಂಜಿನಿಯರರ ಜಾಣ್ಮೆ. ಅನಂತರದಲ್ಲಿ, ಬಹುಮಟ್ಟಿಗೆ, ಬದಲಿ ಎಂಜಿನ್ನಿಗೆ ಹಣವಿಲ್ಲದ ಸ್ಥಿತಿ. ಕೈಗಾರಿಕೆಯ ಚರಿತ್ರೆಯನ್ನು ಓದುವವರು ಇವೆರಡನ್ನು ಬೇರೆಬೇರೆಯಾಗಿ ತೂಗಿ ನೋಡುವುದು ಅವಶ್ಯಕ.